ಈರಣ್ಣನ ಕಾಲಿಗೆ ನಾನು ಕಟ್ಟಿದ ಬೂಟು

ಬೂಟು ನನ್ನವು. ಈರಣ್ಣನ ಕಾಲಿಗೆ ಅವನ್ನು ತೊಡಿಸಿದವನು ನಾನು, ಲೇಸು ಬಿಗಿದವನೂ ನಾನೇ. ಹಿರಿಯರ ಅಪ್ಪಣೆ ಆಗಿದೆ ಎಂದು ಅವನಿಗೆ ಸುಳ್ಳು ಹೇಳಿದವನು ನಾನು. ಆಮೇಲೆ ದೈವದ ಮಂದಿ, ಅಂದರೆ ನಮ್ಮ ಓಣಿಯ ಪಂಚರು, ಕೂಡಿ ಕೇಳಿದಾಗ ನನಗೇನೂ ಗೊತ್ತಿಲ್ಲ ಎಂದವನೂ ನಾನೇ. ಏಳು ವರ್ಷಗಳಿಂದ ಇಳಕಲ್ಲಿನ ನಮ್ಮ ಓಣಿಯ ಜನ ಇದನ್ನೆಲ್ಲ ಈರಣ್ಣನ ಸೊಕ್ಕು ಎಂದು ತಿಳಿದಿದ್ದಾರೆ. ಸೊಕ್ಕು ಇತ್ತು, ಸುಳ್ಳಲ್ಲ — ಆದರೆ ಅದು ಅವನದಾಗಿರಲಿಲ್ಲ.

ಎಲ್ಲಿಂದ ಸುರು ಮಾಡಲಿ? ಹೆಲ್ಸಿಂಕಿಯಿಂದಲೇ ಮಾಡಬೇಕು. ನಗಬೇಡಿ. ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದ ಊರಿಗೂ ಇಳಕಲ್ಲಿನ ಒಬ್ಬ ನೇಕಾರನ ಮೊಣಕಾಲಿಗೂ ಏನು ಸಂಬಂಧ ಎಂದು ಕೇಳಿದರೆ, ಸಂಬಂಧ ನಾನು.

ಮಾಸ್ತರಿಕೆಯ ತರಬೇತಿಗೆಂದು ಎರಡು ವರ್ಷ ಬೆಳಗಾವಿಯಲ್ಲಿದ್ದಾಗ ನನಗೆ ಫುಟ್‌ಬಾಲಿನ ಹುಚ್ಚು ಹತ್ತಿತು. ಅಲ್ಲಿನ ಹಸಿ ಹುಲ್ಲಿನ ಮೇಲೆ ಬೂಟು ಹಾಕಿಕೊಂಡು ನಾನೂ ಆಡಿದೆ. ಚೆನ್ನಾಗಿ ಆಡಿದೆ ಎಂದು ಹೇಳಲಾರೆ. ಇಳಕಲ್ಲಿಗೆ ಮಾಸ್ತರನಾಗಿ ಬಂದ ಮೇಲೆ ಒಂದು ಚೆಂಡು ತರಿಸಿ ನೇಕಾರರ ಓಣಿಯ ಹುಡುಗರನ್ನು ಕಲೆಹಾಕಿದೆ. ಸಂಜೆ ಮಗ್ಗ ಬಿಟ್ಟು ಎದ್ದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೆ ಆಟ. ಆಡುವ ಜಾಗ ಅಜ್ಜನ ಗದ್ದಿಗೆಯ ಮುಂದಿನ ಬಯಲು. ಎಷ್ಟೋ ತಲೆಮಾರಿನ ಹಿಂದೆ ಸಮಾಧಿಯಾದ ಒಬ್ಬ ಸತ್ಪುರುಷರ ಗದ್ದಿಗೆ ಅದು. ಬಯಲಿನ ಅಂಚಿಗೆ ಒಂದು ಬೇವಿನ ಮರ. ಆ ಮರದಿಂದ ಈಚೆಗೆ ಯಾರೂ ಕಾಲಲ್ಲಿ ಏನನ್ನೂ ಹಾಕಿಕೊಂಡು ಬರುವಂತಿಲ್ಲ. ಹುನಗುಂದದಿಂದ ಬಂದ ಮಾಮಲೇದಾರರು ಕೂಡ ಮರದ ಬುಡಕ್ಕೆ ಬೂಟು ಬಿಟ್ಟು, ಗರಸಿನ ಹರಳುಕಲ್ಲುಗಳ ಮೇಲೆ ಹಲ್ಲು ಕಚ್ಚಿಕೊಂಡು ನಡೆದದ್ದನ್ನು ನಾನೇ ನೋಡಿದ್ದೇನೆ. ಕುಸ್ತಿಯಿರಲಿ, ಚೆಂಡಾಟವಿರಲಿ, ಅಲ್ಲಿ ಎಲ್ಲವೂ ಬರಿಗಾಲು.

ಈರಣ್ಣನಿಗೆ ಆಗ ಇಪ್ಪತ್ತನಾಲ್ಕು. ಲಗ್ನವಾಗಿ ವರ್ಷ ತುಂಬಿರಲಿಲ್ಲ. ಅವನಂಥ ಆಟಗಾರನನ್ನು ನಾನು ಬೆಳಗಾವಿಯಲ್ಲೂ ನೋಡಿರಲಿಲ್ಲ. ಮುಂಜಾನೆಯಿಂದ ಸಂಜೆಯವರೆಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಎರಡೂ ಪಾದಗಳಿಂದ ಹಲಗೆ ತುಳಿಯುವವನಿಗೆ ಎಡಗಾಲು ಬಲಗಾಲು ಎಂಬ ಭೇದವೇ ಇರಲಿಲ್ಲ. ಗದ್ದಿಗೆಗೆ ಸಂಜೆಯ ದೀಪ ಹಚ್ಚುವ ಸೇವೆ ಅವರ ಮನೆತನದ್ದು. ಅವನ ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು. ಆಟ ಮುಗಿದೊಡನೆ ಬಾವಿಗೆ ಹೋಗಿ ಕಾಲು ತೊಳೆದು, ಒದ್ದೆ ಪಾದದಲ್ಲೇ ಒಳಗೆ ಹೋಗಿ ದೀಪ ಹಚ್ಚುತ್ತಿದ್ದ. ಉಳಿದವರು ಚೆಂಡಿನ ಬಗ್ಗೆ ಜಗಳಾಡುತ್ತಿದ್ದರೆ ಇವನು ದೀಪದ ಮುಂದೆ ಕಣ್ಣು ಮುಚ್ಚಿ ನಿಂತಿರುತ್ತಿದ್ದ.

ಈಗ ಹೆಲ್ಸಿಂಕಿ, ಐವತ್ತೆರಡರ ಒಲಿಂಪಿಕ್ಸು ನಡೆದ ಊರು. ಅದರ ಹಿಂದಿನ ವರ್ಷ ದಿಲ್ಲಿಯಲ್ಲಿ ನಮ್ಮ ದೇಶದ ತಂಡ ಏಷ್ಯಾ ಖಂಡಕ್ಕೇ ಮೊದಲು ಬಂದಿತ್ತು. ನನಗೆ ಆಮೇಲೆ ನೆಲ ಕಾಣಲಿಲ್ಲ. ಚಹಾದ ಅಂಗಡಿಯಲ್ಲಿ ಕೂತು, ‘ಒಲಿಂಪಿಕ್ಸಿನಾಗ ನೋಡ್ರಿ ಇನ್ನ, ಕಾಲಿಗೆ ಕುದರಿ ಕಟ್ಟಿದಂಗ ಓಡ್ತಾರ ನಮ್ಮ ಮಂದಿ’ ಎಂದು ಎಲ್ಲರ ಕಿವಿ ಕೊರೆದೆ. ಫುಟ್‌ಬಾಲೆಂದರೆ ತಿನ್ನುವುದೋ ಉಡುವುದೋ ಎಂದು ಗೊತ್ತಿಲ್ಲದವರಿಗೂ ಭಾಷಣ ಕೊಟ್ಟೆ. ಪತ್ರಿಕೆ ನಮ್ಮೂರಿಗೆ ಬಸ್ಸಿನಲ್ಲಿ, ಮನಸ್ಸಾದಾಗ ಬರುತ್ತಿತ್ತು. ಅಂದು ಅಂಗಡಿಯ ಮುಂದೆ ಹತ್ತು ಮಂದಿಯ ನಡುವೆ ನಿಂತು ಬಿಡಿಸಿದೆ. ಯುಗೊಸ್ಲಾವಿಯಾ ಹತ್ತು, ಭಾರತ ಒಂದು.

ಅಚ್ಚಿನ ತಪ್ಪು ಎಂದುಕೊಂಡೆ. ಎರಡು ಸಲ ಓದಿದೆ. ಒಂದು ಗೋಲಿಗೆ ಸೋತರೆ ದುಃಖಪಡಬಹುದು, ಎರಡಕ್ಕೆ ಸೋತರೆ ರೆಫರಿಯನ್ನು ಬೈಯಬಹುದು. ಹತ್ತಕ್ಕೆ ಏನು ಮಾಡಬೇಕು? ಹಡಗೋ ವಿಮಾನವೋ ಹತ್ತಿ, ಸಮುದ್ರಗಳನ್ನು ದಾಟಿ, ಒಂದೇ ಒಂದು ಆಟ ಆಡಿ ಗಂಟುಮೂಟೆ ಕಟ್ಟಿ ಹೊರಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು? ಅದರಲ್ಲೂ ಆ ಚಳಿಯಲ್ಲಿ ನಮ್ಮವರು ಬಹಳ ಮಂದಿ ಬರಿಗಾಲಲ್ಲಿ ಆಡಿದರಂತೆ! ಬರಿಗಾಲು! ಓದಿ ನನ್ನ ಮೈಯೆಲ್ಲ ಉರಿದು ಹೋಯಿತು.

ಅಂಗಡಿಯವನು ಸುಮ್ಮನಿರಲಿಲ್ಲ. ‘ಮಾಸ್ತರ್, ಹತ್ತು ಗೋಲು ಹ್ಯಾಂಗ ಹೊಡಿಸ್ಕೊಂತಾರ್ರೀ? ನಡುವ ಎಲ್ಲಾರೂ ಕೂಡಿ ಚಹಾ ಕುಡ್ಯಾಕ ಹೋಗಿದ್ರೇನು?’ ಎಂದ. ಸಾಲೆಯಲ್ಲಿ ಹುಡುಗರು ‘ಹತ್ತೊಂದ್ಲೆ ಹತ್ತು’ ಎಂದು ಮಗ್ಗಿ ಒದರಿದರೂ ನನ್ನನ್ನೇ ಹಂಗಿಸಿದಂತಾಗಿ, ಆ ವಾರ ಮಗ್ಗಿ ಹೇಳಿಸುವುದನ್ನೇ ಬಿಟ್ಟೆ. ಆಡಿದವರು ಯಾರೋ, ಸೋತವರು ಯಾರೋ — ಮುಖ ಕೆಟ್ಟದ್ದು ನನ್ನದು. ಹಾಗೆ ಅನಿಸಿತ್ತು ನನಗೆ. ಎಷ್ಟು ಸಣ್ಣ ಮಾತು! ಅಷ್ಟಕ್ಕೆ ನಾನು ಮಾಡಿದ್ದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಶ್ರಾವಣದ ಸೋಮವಾರ ಬಾಗಲಕೋಟೆಯ ತಂಡದವರು ನಮ್ಮ ಬಯಲಿಗೆ ಆಡಲು ಬರುವವರಿದ್ದರು. ಬರಿಗಾಲಿನ ಆಟ ಇನ್ನು ನಡೆಯದು ಎಂದು ಊರಿಗೆಲ್ಲ ತೋರಿಸಬೇಕು — ದೇಶಕ್ಕೆ ಬಾರದ ಬುದ್ಧಿ ಇಳಕಲ್ಲಿಗಾದರೂ ಬರಲಿ — ಇದೇ ಒಂದು ಹಟ ನನ್ನನ್ನು ಹಿಡಿಯಿತು. ಟ್ರಂಕಿನ ತಳದಿಂದ ನನ್ನ ಬೆಳಗಾವಿಯ ಬೂಟು ತೆಗೆದೆ. ಈರಣ್ಣನ ಪಾದಕ್ಕೆ ಬೆರಳಷ್ಟು ದೊಡ್ಡವಾದವು. ಮಗ್ಗದ ಬಳಿ ಬಿದ್ದಿದ್ದ ತುಂಡು ನೂಲನ್ನು ಉಂಡೆ ಮಾಡಿ ಮುಂಭಾಗಕ್ಕೆ ತುರುಕಿದೆ.

ಈರಣ್ಣ ಎರಡು ಹೆಜ್ಜೆ ಹಿಂದೆ ಸರಿದ. ‘ಅಜ್ಜನ ಮುಂದ ಕಾಲಾಗ ಕೆರಾ ಹಾಕ್ಕೊಂಡು ಹ್ಯಾಂಗ ಓಡಾಡ್ಲಿರಿ, ಮಾಸ್ತರ್? ಸಂಜಿಗೆ ದೀಪಾ ಹಚ್ಚಾಂವ ನಾ.’

ಆಗ ಹೇಳಿದೆ. ‘ಸಂಗಪ್ಪಜ್ಜನ್ನ ಕೇಳೀನಿ. ಹಿರ್ಯಾರೆಲ್ಲಾ ಒಪ್ಪ್ಯಾರ. ಆಟದ ಬೂಟು ಕೆರಾ ಅಲ್ಲಂತ ಅವರ ಅಂದಾರ.’

ಸಂಗಪ್ಪಜ್ಜ ಎಂದರೆ ನಮ್ಮ ಓಣಿಯ ದೈವದಲ್ಲಿ ಹಿರಿಯರು. ಗದ್ದಿಗೆಯ ವಿಷಯದಲ್ಲಿ ಅವರದೇ ಕೊನೆಯ ಮಾತು. ನಾನು ಅವರನ್ನು ಕೇಳಿರಲಿಲ್ಲ. ಮರೆತು ಬಿಟ್ಟದ್ದೂ ಅಲ್ಲ. ಕೇಳಿದರೆ ಏನು ಹೇಳುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಆ ಸೋಮವಾರ ಅವರು ಕೂಡಲಸಂಗಮಕ್ಕೆ ಹೋಗಿ ರಾತ್ರಿಗೆ ಬರುವವರಿದ್ದರು. ಅದೂ ನನಗೆ ಗೊತ್ತಿತ್ತು. ಸಂಗಪ್ಪಜ್ಜನ ಹೆಸರು ಕೇಳಿದ ಮೇಲೆ ಈರಣ್ಣ ಕಾಲು ಮುಂದೆ ಚಾಚಿದ. ನಾನು ಮೊಣಕಾಲೂರಿ ಲೇಸು ಬಿಗಿದೆ.

ಜಿಟಿಜಿಟಿ ಮಳೆ ಬಂದು ನಿಂತಿತ್ತು. ಅವನು ಬೇವಿನ ಮರ ದಾಟಿ ಬಂದಾಗ ಮಂದಿಯಲ್ಲಿ ಗುಜುಗುಜು ಎದ್ದಿತು. ಗದ್ದಲವಾಗುವಷ್ಟರಲ್ಲಿ ಆಟ ಸುರುವಾಗಿತ್ತು. ಆಮೇಲೆ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಚೆಂಡು ತಿರುಗಿಸಲು ಹೋದ. ಹುಲ್ಲಿಗೆಂದು ಮಾಡಿದ ಬೂಟು ಒದ್ದೆ ಗರಸಿನ ಮೇಲೆ ಜಾರಿತು, ನೂಲಿನ ಉಂಡೆಯೊಳಗೆ ಪಾದ ಒಂದು ಕಡೆ ಹೊರಳಿತು, ಮೈ ಇನ್ನೊಂದು ಕಡೆ. ಮೊಣಕಾಲಿನ ಸಪ್ಪಳ ನಾನು ನಿಂತಲ್ಲಿಗೆ ಕೇಳಿಸಿತು. ಆ ಬಯಲಿನ ಒಂದೊಂದು ಕಲ್ಲೂ ಅವನ ಬರಿಗಾಲಿಗೆ ಪರಿಚಯವಿತ್ತು. ಬೆಳಗಾವಿಯ ಹುಲ್ಲಿನ ಪಾಠವನ್ನು ಇಲ್ಲಿನ ನೆಲಕ್ಕೆ ಕಲಿಸಹೋದ ಪಂಡಿತ ನಾನು.

ಗದ್ದಿಗೆಯ ಅಜ್ಜನ ಶಾಪ ಎಂದರು ಎಲ್ಲರೂ. ನಾಲ್ಕನೆಯ ದಿನ ದೈವ ಕೂಡಿತು. ಈರಣ್ಣನನ್ನು ಹೊರಸಿನ ಮೇಲೆ ಹೊತ್ತು ತಂದರು. ಸಂಗಪ್ಪಜ್ಜ ನನ್ನತ್ತ ತಿರುಗಿ, ಸಿಟ್ಟಿಲ್ಲದೆ, ಮೆಲ್ಲಗೇ ಕೇಳಿದರು: ‘ಮಾಸ್ತರ್, ಆಟ ಕಲಿಸಾವ್ರು ನೀವು. ಇದು ನಿಮಗ ಗೊತ್ತಿತ್ತೇನ್ರಿ?’

ನಿಜ ಹೇಳಲು ಒಂದು ಉಸಿರು ಸಾಕಿತ್ತು. ಆದರೆ — ಎಲ್ಲರ ಕಣ್ಣೂ ನನ್ನ ಮೇಲೆ. ಚಹಾದ ಅಂಗಡಿಯವನೂ ಅಲ್ಲಿದ್ದ. ಹತ್ತು-ಒಂದರ ನಗೆಯೇ ಇನ್ನೂ ಮುಗಿದಿರಲಿಲ್ಲ, ಈಗ ಇದು.

‘ಇಲ್ರಿ,’ ಎಂದೆ. ‘ಬೂಟು ಬೇಡಿದ, ಕೊಟ್ಟೆ. ಗದ್ದಿಗಿ ಮುಂದ ಹಾಕ್ಕೋತಾನಂತ ನನಗ ಗೊತ್ತಿರಲಿಲ್ರಿ.’

ಈರಣ್ಣ ನನ್ನನ್ನು ನೋಡಲೂ ಇಲ್ಲ. ಸಂಗಪ್ಪಜ್ಜನನ್ನೇ ಬಹಳ ಹೊತ್ತು ನೋಡಿದ, ಆಮೇಲೆ ಮುಖ ಗೋಡೆಗೆ ತಿರುಗಿಸಿದ. ಆ ನೋಟದ ಅರ್ಥ ನನಗೆ ಅಂದು ಆಗಲಿಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದಾನೆ ಎಂದುಕೊಂಡು, ಒಳಗೊಳಗೇ ಅವನಿಗೆ ಕೈ ಮುಗಿದೆ.

ದಂಡ ಹಾಕಲಿಲ್ಲ, ಬೈಯಲಿಲ್ಲ. ದೀಪದ ಸೇವೆಯನ್ನು ಅವರ ಮನೆಯಿಂದ ಬಿಡಿಸಿ ಬೇರೆ ಮನೆಗೆ ಕೊಟ್ಟರು, ಅಷ್ಟೇ. ಅವನ ತಾಯಿ ಅಂದು ಒಲೆ ಹೊತ್ತಿಸಲಿಲ್ಲವಂತೆ. ಬಯಲಿನಲ್ಲಿ ಚೆಂಡಾಟವೂ ನಿಂತಿತು. ಎಲುಬು ಕೂಡಿಸುವವರು ಕಟ್ಟಿದ ಕಟ್ಟು ಬಿಚ್ಚಿದಾಗ ಕಾಲು ಸೊಟ್ಟಗಾಗಿತ್ತು, ಮೊಣಕಾಲು ಮಡಚುತ್ತಿರಲಿಲ್ಲ. ಮಡಚದ ಕಾಲು ಮಗ್ಗದ ಕುಣಿಗೆ ಇಳಿಯುವುದಿಲ್ಲ. ಅವನ ಹೆಂಡತಿ ಗಂಗವ್ವ ಮಗ್ಗಕ್ಕೆ ಕೂತಳು. ಅವನು ಗೋಡೆಗೊರಗಿ, ಹೆಂಗಸರು ಮುದುಕಿಯರು ಮಾಡುವ ಕೆಲಸ, ಅವಳ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡತೊಡಗಿದ. ಓಣಿಯಲ್ಲಿ ಅವನ ಹೆಸರು ಬೂಟಿನ ಈರ್ಯಾ ಎಂದಾಯಿತು. ನಾನು ಹಬ್ಬಕ್ಕೆ ಅವನ ಮನೆಗೆ ಹೋಗಿ ಬೆಲ್ಲ ಕೊಟ್ಟು ಬರುತ್ತಿದ್ದೆ. ಬೆಲ್ಲ!

ನಾಲ್ಕು ವರ್ಷ ಕಳೆದವು. ಮೆಲ್ಬೋರ್ನಿನಲ್ಲಿ ನಮ್ಮ ತಂಡ ಬೂಟು ಹಾಕಿಕೊಂಡೇ ಆಡಿ, ಅಲ್ಲಿಯವರನ್ನೇ ಸೋಲಿಸಿ, ಜಗತ್ತಿಗೆ ನಾಲ್ಕನೆಯದಾಗಿ ಬಂದಿತು. ನಾನು ಯಾವ ಅಂಗಡಿಗೂ ಹೋಗಿ ಮಾತಾಡಲಿಲ್ಲ. ನನ್ನ ಮಾತೇ ನಿಜವಾಗಿತ್ತು — ಅದನ್ನು ಯಾವ ಬಾಯಿಯಿಂದ ಹೇಳಲಿ? ಸುದ್ದಿ ಬಂದ ಮಾರನೆಯ ದಿನ ಕೋಲೂರಿಕೊಂಡು ಈರಣ್ಣನೇ ಸಾಲೆಯ ಬಾಗಿಲಿಗೆ ಬಂದ. ಮುಖ ಅರಳಿತ್ತು.

‘ನೀವು ಹೇಳಿದ್ದ ಖರೆ ಆತು ನೋಡ್ರಿ, ಮಾಸ್ತರ್. ಬೂಟು ಹಾಕ್ಕೊಂಡ ಗೆದ್ರು. ನನಗ ರೂಢಿ ಇರಲಿಲ್ಲ, ಬಿದ್ದೆ.’ ಆಮೇಲೆ ದನಿ ತಗ್ಗಿಸಿ ಹೇಳಿದ: ‘ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ಸಂಗಪ್ಪಜ್ಜ ಮದಲ ಹೂಂ ಅಂದು, ಮಂದ್ಯಾಗ ಮಾತು ನುಂಗಿಬಿಟ್ಟಾ. ಅಷ್ಟು ಹಿರ್ಯಾನ ಎದುರಿಗೆ ನೀವರ ಹ್ಯಾಂಗ ಮಾತಾಡೀರಿ? ನೌಕರಿ ಮಾಡಾವ್ರು. ನಾನೂ ಮಾತಾಡ್ಲಿಲ್ಲ. ಹಿರ್ಯಾರನ್ನ ಸುಳ್ಳ ಅನ್ನಬಾರದು.’

ಆಗ ಅರ್ಥವಾಯಿತು ಆ ನೋಟ. ನನ್ನ ಸುಳ್ಳನ್ನು ಅವನು ಒಂದು ದಿನವೂ ಅನುಮಾನಿಸಿರಲಿಲ್ಲ. ಸಂಗಪ್ಪಜ್ಜನನ್ನು ಅನುಮಾನಿಸಿದ್ದ. ಅವರ ಮಾತು ನಡೆಯುವ ಗದ್ದಿಗೆಯ ಕಡೆಗೆ ತಲೆ ಹಾಕಿಯೂ ಮಲಗದೆ ನಾಲ್ಕು ವರ್ಷ ಕಳೆದಿದ್ದ. ನನಗೇ ಹೊಳೆಯದಿದ್ದ ನೆಪವೊಂದನ್ನು ತಾನಾಗಿ ಹೊಸೆದು ನನ್ನ ಕೈಗೆ ಕೊಟ್ಟ — ನಾನು ತೆಗೆದುಕೊಂಡೆ. ‘ಹೂಂ,’ ಎಂದೆ. ಮೊದಲ ಸುಳ್ಳಿಗೆ ಸೋಲಿನ ಸಿಟ್ಟು ಇತ್ತು, ಎರಡನೆಯದಕ್ಕೆ ನಗೆಯ ಭಯವಿತ್ತು. ಈ ‘ಹೂಂ’ಗೆ ಏನಿತ್ತು? ಏನೂ ಇರಲಿಲ್ಲ. ಅದನ್ನೇ ನಾನು ಕ್ಷಮಿಸಿಕೊಳ್ಳಲಾರೆ.

ಹೋದ ತಿಂಗಳು ಸಂಗಪ್ಪಜ್ಜ ತೀರಿಕೊಂಡರು. ಇಡೀ ಓಣಿ ಮಗ್ಗ ನಿಲ್ಲಿಸಿ ಶವದ ಹಿಂದೆ ಮಣ್ಣಿಗೆ ಹೋಯಿತು. ಅವರೊಡನೆ ಹೊಲದ ತಕರಾರಿದ್ದವರು ಕೂಡ ಬಂದು ಹಿಡಿ ಮಣ್ಣು ಹಾಕಿದರು. ಈರಣ್ಣ ಬರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದವನು ಅಂದ, ‘ಬೂಟಿನ ಈರ್ಯಾನ ಸೊಕ್ಕು ಇನ್ನೂ ಇಳದಿಲ್ಲ ನೋಡ್ರಿ. ಸತ್ತಾವರ ಮ್ಯಾಲೂ ಹಗಿ ಸಾಧಸ್ತಾನ.’ ಕೇಳಿಸಿಕೊಂಡೆ. ನನ್ನ ಪಾಲಿನ ಮಣ್ಣು ಹಾಕಿದೆ. ಅಲ್ಲಿಂದ ಮನೆಗೆ ಹೋಗಲಾಗಲಿಲ್ಲ.

ಬರುವ ಸೋಮವಾರ ದೈವ ಕೂಡುತ್ತದೆ. ಈ ಬರಹವನ್ನು ಅಲ್ಲಿ ನಾನೇ ನಿಂತು ಓದುತ್ತೇನೆ. ದೀಪ ಅವನ ಮನೆಗೆ ತಿರುಗಿ ಬರಬೇಕು. ಅವನಿಗೆ ಕಟ್ಟಿದ ಹೆಸರನ್ನು ನನಗೆ ಕಟ್ಟಲಿ. ನನ್ನನ್ನು ಮನ್ನಿಸಿ ಎಂದು ಕೇಳುವುದಿಲ್ಲ. ಆದರೆ ಅದಕ್ಕಿಂತ ಮುಂಚೆ, ಅಂದೇ ಮಣ್ಣಿನಿಂದ ಬಂದ ಮೈಯಲ್ಲೇ, ಹೊಸ್ತಿಲ ಹೊರಗೆ ನಿಂತು ಈರಣ್ಣನಿಗೆ ಹೇಳಿ ಬಂದಿದ್ದೇನೆ.

ಅವನು ನೂಲು ಸುತ್ತುವ ರಾಟಿಯ ಮುಂದೆ ಕೂತಿದ್ದ. ‘ಈರಣ್ಣ, ಸಂಗಪ್ಪಜ್ಜ ಒಪ್ಪಿರಲಿಲ್ಲ. ನಾ ಅವರನ್ನ ಕೇಳೇ ಇರಲಿಲ್ಲ. ಅವತ್ತ ನಿನಗ ಹೇಳಿದ್ದೂ ಸುಳ್ಳು, ದೈವದ ಮುಂದ ಹೇಳಿದ್ದೂ ಸುಳ್ಳು,’ ಎಂದೆ. ಮಗ್ಗದಲ್ಲಿದ್ದ ಗಂಗವ್ವನ ಕೈ ನಿಂತಿತು. ಅವನು ನನ್ನ ಮೇಲೆ ಕೂಗಾಡಲಿ ಎಂದು ಕಾದೆ. ಕೋಲು ಎತ್ತಲಿ ಎಂದು ಕೂಡ ಕಾದೆ.

ಈರಣ್ಣ ತನ್ನ ಕಾಲಿನ ಮಾತೆತ್ತಲಿಲ್ಲ. ದೀಪದ ಮಾತೂ ಎತ್ತಲಿಲ್ಲ. ತಲೆಯೆತ್ತಿ ಒಂದೇ ಒಂದು ಮಾತು ಕೇಳಿದ.

‘ಹಂಗಾರ ನಾ ಮಣ್ಣಿಗೆ ಬರಬೇಕಿತ್ತಲ್ರಿ, ಮಾಸ್ತರ್?’