ಮುಷ್ಟಿಯೊಳಗಿನ ಬೆಲ್ಲ

ಗಾಳೆಮ್ಮ ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿಲ್ಲ. ಆಗಲೇ ಕಂಪ್ಲಿಯಲ್ಲಿ ಅವಳ ಹೆಸರಿನಲ್ಲಿ ಎರಡು ಸುಳ್ಳು ಓಡಾಡುತ್ತಿವೆ. ಅವಳದೊಂದು ಕೂಸು ಕಾಲುವೆಗೆ ಬಿದ್ದು ಸತ್ತಿತ್ತು, ಆ ಸಂಕಟಕ್ಕೇ ಊರವರ ಮಕ್ಕಳನ್ನು ಹಚ್ಚಿಕೊಂಡಿದ್ದಳು ಎಂಬುದು ಒಂದು. ಕಾಲುವೆ ದಂಡೆಯ ಕಲ್ಲುಮಂಟಪದಲ್ಲಿ ಕೂಲಿ ಹೆಂಗಸರ ಮಕ್ಕಳಿಗೆ ಜಾಗವಾದದ್ದು ಕಬ್ಬಿನ ಗಾಣದ ಸಾಹುಕಾರರ ಧರ್ಮ ಎಂಬುದು ಇನ್ನೊಂದು. ಹದಿಮೂರು ವರ್ಷ ಅವಳ ಗೆಳತಿಯಾಗಿದ್ದವಳು ನಾನು. ಇವನ್ನು ಕೇಳಿಸಿಕೊಂಡು ಸುಮ್ಮನಿರುವುದಕ್ಕೆ ನನ್ನಿಂದಾಗುವುದಿಲ್ಲ.

ಮೊದಲನೆಯದಕ್ಕೆ ಅವಳೇ ಬದುಕಿದ್ದಾಗ ಉತ್ತರ ಕೊಟ್ಟಿದ್ದಾಳೆ. ಒಮ್ಮೆ ಹೊಸಪೇಟೆಯಿಂದ ಬಂದಿದ್ದ ದೊಡ್ಡಮನೆಯ ಹೆಂಗಸೊಬ್ಬರು ಮಂಟಪವನ್ನು ನೋಡಿ, "ಪಾಪ, ನಿನಗ ಮಕ್ಕಳಿಲ್ಲೇನು?" ಎಂದು ಕೇಳಿದರು.

"ನಾಕು ಅದಾವ ತಾಯಿ, ಗುಂಡುಕಲ್ಲಿದ್ದಂಗ," ಎಂದಳು ಗಾಳೆಮ್ಮ. "ಮಕ್ಕಳನ್ನ ಕಾಯಾಕ ಒಂದು ಕೂಸು ಸಾಯಲೇಬೇಕೇನ್ರಿ?"

ಅವಳು ಮಂಟಪಕ್ಕೆ ಬಂದದ್ದು ಬೆರಳು ಹೋದ ಮೇಲೆ. ಎತ್ತು ಕಟ್ಟಿ ತಿರುಗಿಸುವ ಕಬ್ಬಿನ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ಎಡಗೈಯ ಎರಡು ಬೆರಳು ಉರುಳೆಗಳ ನಡುವೆ ಸಿಕ್ಕಿ ಹೋದವು. ಗಾಯ ಮಾಗಿತು, ಆದರೆ ಹಳೆಯ ಕೆಲಸ ಮತ್ತೆ ಸಿಗಲಿಲ್ಲ. ಮನೆಯಲ್ಲಿ ಕುಳಿತುಕೊಳ್ಳುವ ಬದಲು ಅವಳು ಮಂಟಪದಲ್ಲಿ ಕಟ್ಟುತ್ತಿದ್ದ ಆಡುಗಳನ್ನು ಹೊರಗೆ ಅಟ್ಟಿದಳು. ನೆಲವನ್ನು ಸಾರಿಸಿದಳು. ಮಕ್ಕಳು ಕಾಲುವೆಯ ಕಡೆಗೆ ಹೋಗದಂತೆ ಕಂಬದಿಂದ ಕಂಬಕ್ಕೆ ಹಳೇ ಸೀರೆಗಳನ್ನು ಬಿಗಿದು ಕಟ್ಟಿದಳು. ಸಾಹುಕಾರರ ಆಳು ಬಂದು, "ಯಾರನ್ನ ಕೇಳಿ ಬಂದಿ ಇಲ್ಲಿ?" ಎಂದ. "ಆಡು ಯಾರನ್ನ ಕೇಳಿ ಬಂದಿದ್ವು?" ಎಂದಳು. ಸಾಹುಕಾರರ ಧರ್ಮ ಎನ್ನುವುದರ ಪೂರ್ತಿ ಚರಿತ್ರೆ ಇಷ್ಟೇ.

ಬಳ್ಳಾರಿಯಿಂದ ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದದ್ದು ಅದೇ ವರ್ಷ, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ಶಾಲೆಗೆ ಹೋಗುವ ದಾರಿಯಲ್ಲೇ ಮಂಟಪ. ಕಬ್ಬು ಸುಲಿಯುವ, ಗಾಣಕ್ಕೆ ಹೊರುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುವರು. ಸೆರಗಿನಲ್ಲಿ ಒಂದು ಹಿಡಿ ಜೋಳ ತಂದು ಗಾಳೆಮ್ಮನ ಮೊರಕ್ಕೆ ಸುರಿಯುವರು. ನನಗೆ ಪುಸ್ತಕದ ಹುಚ್ಚು. ಶಿಕ್ಷಕಿಯರ ತರಬೇತಿಯಲ್ಲಿ ಓದಿದ್ದನ್ನು ನೆನಪಿಟ್ಟುಕೊಂಡು, ಎರಡೂವರೆ ವರ್ಷ ತುಂಬಿದ ಮಕ್ಕಳನ್ನು ಮಾತ್ರ ಸೇರಿಸಬೇಕೆಂದು ಅವಳಿಗೆ ಒಂದು ಪಟ್ಟಿ ಮಾಡಿಕೊಟ್ಟೆ.

"ಇವರಿಗೆ ತಮ್ಮ ವರ್ಷಾನೇ ಗೊತ್ತಿಲ್ಲ ಅಕ್ಕೋರ. ಕೂಸಿಂದು ಎಲ್ಲಿಂದ ತರ್ತಾರ?"

"ಜವಳ ಆದ ಮ್ಯಾಲೆ ಅಂತ ಇಟ್ಟುಕೊ. ಊರಾಗ ಎಲ್ಲಾರೂ ಹಂಗೇ ಅಂತಾರಲ್ಲ, ಮೊದಲ ಕೂದಲ ತಗದ ಮ್ಯಾಲೆ ತಾಯಿ ಮಡಿಲ ಬಿಡಿಸಬೌದು ಅಂತ."

"ಜವಳ ತಗದ್ರ ಕೂದಲ ಹೋಗ್ತೈತಿ. ಅಂಜಿಕಿ ಹೋಗ್ತೈತೇನ್ರಿ?"

ಅವಳ ಅಳತೆ ಬೇರೆ ಇತ್ತು. ಹೊಸ ಕೂಸು ಬಂದರೆ ಅದರ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಡುವಳು. ತಾಯಿ ನಾಲ್ಕು ಹೆಜ್ಜೆ ಆಚೆ ಹೋದ ಮೇಲೆ ಕೂಸು ಆ ಬೆಲ್ಲವನ್ನು ಏನು ಮಾಡುತ್ತದೆ ಎಂದು ನೋಡುತ್ತ ಕೂರುವಳು. ಅಂಜಿದ ಕೂಸು ಬೆಲ್ಲ ತಿನ್ನುವುದಿಲ್ಲ, ಎಸೆಯುವುದೂ ಇಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಕೂರುತ್ತದೆ, ಬೆಲ್ಲ ಕರಗಿ ಮೊಣಕೈವರೆಗೆ ಇಳಿದರೂ. "ಬೆಲ್ಲ ಮುಷ್ಟಿಯಾಗ ಇದ್ರ ಜೀವ ತಾಯಿ ಹಿಂದ ಹೋಗೈತಿ ಅಂತ," ಎನ್ನುವಳು. "ಬಾಯಿಗೆ ಹೋತಂದ್ರ ಜೀವ ಇಲ್ಲಿಗೆ ಬಂತು." ನಾನು ನಕ್ಕಿದ್ದೆ. ನನ್ನ ಪಟ್ಟಿಯನ್ನು ಅವಳು ಬೆಲ್ಲದ ಡಬ್ಬಿಯ ಬಾಯಿಗೆ ಮುಚ್ಚಿದಳು.

ಹಾಗೆ ನಕ್ಕದ್ದಕ್ಕೆ ನಾಚಿಕೆಪಟ್ಟದ್ದು ಮೂವತ್ತೇಳರಲ್ಲಿ, ಹುಲುಗಮ್ಮನ ಮಗನ ವಿಷಯದಲ್ಲಿ.

ಹುಲುಗಮ್ಮನಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಗಂಡ ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋದವನು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಗಾಣದ ಕೆಲಸ ಬಿಟ್ಟರೆ ಅವಳಿಗೂ ಅವಳ ಮಗ ಜಂಬಯ್ಯನಿಗೂ ಒಲೆ ಹೊತ್ತುವ ದಾರಿ ಇರಲಿಲ್ಲ. ಜಂಬಯ್ಯ ನಡೆಯುತ್ತಿದ್ದ, ಎರಡು ಮಾತು ಆಡುತ್ತಿದ್ದ. ಆದರೆ ತಾಯಿಯ ಸೆರಗು ಬಿಡುತ್ತಿರಲಿಲ್ಲ. ಎರಡು ಸಲ ಕರೆತಂದಾಗಲೂ ಗಾಳೆಮ್ಮ ಬೆಲ್ಲ ಕೊಟ್ಟು ನೋಡಿ, "ಇನ್ನೂ ಇಲ್ಲವ್ವ. ಒಂದಷ್ಟು ದಿನ ನೀನೂ ಜೊತಿಗೆ ಕುಂದ್ರಬೇಕು," ಎಂದಿದ್ದಳು. ಕೂತರೆ ಕೂಲಿ ಎಲ್ಲಿಂದ ಬರಬೇಕು? ಗಾಣದ ಮೇಸ್ತ್ರಿ ಜಡೆಪ್ಪ ಕೂತವರಿಗೆ ಕೂಲಿ ಕೊಡುವ ಆಸಾಮಿಯಲ್ಲ.

ಮೂರನೆಯ ಸಲ ಅವಳು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಶಾಲೆಗೆ ರಜ, ನಾನು ಮಂಟಪದ ಮೆಟ್ಟಿಲ ಮೇಲೆ ಕೂತಿದ್ದೆ. ಗಾಳೆಮ್ಮ ಹಿಂದುಗಡೆ ನೀರು ತರಲು ಹೋಗಿದ್ದಳು. ಹುಲುಗಮ್ಮ ಮಗನನ್ನು ಒಳಗೆ ಕೂರಿಸಿ, ನನ್ನ ಮುಖವನ್ನೂ ನೋಡದೆ ಗಾಣದ ಕಡೆ ಹೊರಟುಹೋದಳು. ಜಂಬಯ್ಯ ಅಳಲಿಲ್ಲ. ತಾಯಿಯ ಹಿಂದೆ ಓಡಲಿಲ್ಲ. ಕಂಬಕ್ಕೆ ಒರಗಿ ಕೂತೇ ಇದ್ದ.

ಕೊಡ ಹೊತ್ತು ಬಂದ ಗಾಳೆಮ್ಮನಿಗೆ ನಾನೇ ಹೇಳಿದೆ: "ನೋಡು, ಎಷ್ಟು ಶ್ಯಾಣ್ಯಾ ಆಗ್ಯಾನ. ಹನಿ ಕಣ್ಣೀರ ಹಾಕಲಿಲ್ಲ. ಈಗ ತಯಾರಾದ ನೋಡು."

ಗಾಳೆಮ್ಮ ಕೊಡ ಇಳಿಸಿ ಅವನ ಅಂಗೈಯಲ್ಲಿ ಬೆಲ್ಲ ಇಟ್ಟಳು. ಬೆರಳು ಮಡಿಚಲಿಲ್ಲ. ಬೆಲ್ಲ ಉರುಳಿ ಕಲ್ಲಿನ ಮೇಲೆ ಬಿತ್ತು. ಅವಳು ಬಗ್ಗಿ ಅವನ ಬಾಯಿ ಮೂಸಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು.

"ಅಫೀಮು ಹಾಕ್ಯಾರ ಅಕ್ಕೋರ."

ಆಗ ಅಫೀಮು ಸರ್ಕಾರದ ಲೈಸೆನ್ಸಿನ ಅಂಗಡಿಯಲ್ಲೇ ಸಿಗುತ್ತಿತ್ತು. ಸಾಸಿವೆ ಕಾಳಿನಷ್ಟು ನಾಲಗೆಗೆ ಹಚ್ಚಿ ಕೂಸನ್ನು ಬದುವಿನ ಮೇಲೆ ಮಲಗಿಸಿ ಕೆಲಸಕ್ಕೆ ಇಳಿಯುವುದು, ಮೇಸ್ತ್ರಿಗಳೇ ಅದನ್ನು ತಂದು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಹೊಸದು ನನ್ನ ಕುರುಡು. ಇಷ್ಟು ಓದಿದವಳು ಅಮಲನ್ನು ಜಾಣತನ ಎಂದುಕೊಂಡೆ.

ಆ ಹಗಲೆಲ್ಲ ನಾವಿಬ್ಬರೂ ಅವನನ್ನು ನಿದ್ದೆಗೆ ಬಿಡಲಿಲ್ಲ. ಮುಖಕ್ಕೆ ನೀರು ಚಿಮುಕಿಸಿದೆವು, ಕೈ ಹಿಡಿದು ನಡೆಸಿದೆವು, ಹೆಗಲ ಮೇಲೆ ಹೊತ್ತು ತಿರುಗಿದೆವು. ತಲೆ ಮೂರು ಸಲ ನನ್ನ ಭುಜದ ಮೇಲೆ ಬಿದ್ದಾಗ ಮೂರು ಸಲವೂ ಗಾಳೆಮ್ಮ ಅವನ ಪಾದಕ್ಕೆ ಚಿವುಟಿದಳು. ಹೊತ್ತು ಇಳಿಯುವಾಗ ಅವನು ಬಾಯಿ ತೆರೆದು ಊರೆಲ್ಲ ಕೇಳುವ ಹಾಗೆ ಅತ್ತ. ಅವಳು ಕಟ್ಟೆಗೆ ಕುಸಿದು ಕೂತು ನಕ್ಕಳು. "ಬಂದ ನೋಡ್ರಿ, ಬಂದ," ಎಂದಳು. ಆಮೇಲೆ ಎದ್ದು, ಅಳುವ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಗಾಣದ ದಾರಿ ಹಿಡಿದಳು. ಉಳಿದ ಮಕ್ಕಳನ್ನು ತನ್ನ ದೊಡ್ಡ ಮಗಳಿಗೆ ಒಪ್ಪಿಸಿದ್ದಳು. ನಾನು ಹಿಂದೆ ಓಡಿದೆ.

ಜಡೆಪ್ಪ ಮೇಸ್ತ್ರಿಯಷ್ಟೇ ಅಲ್ಲ, ಪಾಕ ನೋಡುವವನೂ ಹೌದು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವಾಗ ಇಳಿಸಬೇಕೆಂದು ಹೇಳುವುದರಲ್ಲಿ ಹೊಳೆಯಾಚೆಯ ನಿಜಾಮರ ಸೀಮೆಯವರೆಗೂ ಅವನಿಗೆ ಹೆಸರಿತ್ತು. ನಾವು ಹೋದಾಗ ಒಲೆಯಿಂದ ದೂರದಲ್ಲಿ, ತಣ್ಣೀರಿನ ಬೋಗುಣಿ ಮುಂದಿಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತಿದ್ದ. ಕೊಪ್ಪರಿಗೆಯಲ್ಲಿ ನೊರೆ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಗಾಳೆಮ್ಮ ಕೂಸನ್ನು ಅವನ ಮಡಿಲಿಗೆ ಹಾಕಿದಳು.

"ಹಿಡಿ."

"ಏ, ಏನಬೇ ಇದು! ಪಾಕ ಬರಾಕತ್ತೈತಿ!"

"ಬರ್ಲಿ. ನೀ ಮಲಗಿಸಿದ ಕೂಸು ಎಚ್ಚರ ಆಗೈತಿ. ನೀನೇ ಹಿಡಿ."

ಕಬ್ಬಿನ ಹೊರೆ ಇಳಿಸುತ್ತಿದ್ದ ಹುಲುಗಮ್ಮ ಓಡಿ ಬಂದಳು. "ಜಡೆಪ್ಪಣ್ಣನೇ ಕೊಟ್ಟಿದ್ದ ಅತ್ತಿ," ಎಂದಳು ತಲೆ ತಗ್ಗಿಸಿ. "ಹಾಕಿ ಬಾ, ಇಲ್ಲಾಂದ್ರ ನಾಳಿಂದ ಬರಬ್ಯಾಡ ಅಂದ." ಮಗನನ್ನು ಎತ್ತಿಕೊಳ್ಳಲು ಕೈ ಚಾಚಿದಳು.

"ಮುಟ್ಟಬ್ಯಾಡ," ಎಂದಳು ಗಾಳೆಮ್ಮ.

"ಹುಚ್ಚು ಹಿಡಿದೈತೇನು ನಿನಗ?" ಜಡೆಪ್ಪ ಏಳಲು ನೋಡಿದ, ಜಂಬಯ್ಯ ಅವನ ಮೀಸೆ ಹಿಡಿದು ಕಿರುಚಿದ. "ಬೆಲ್ಲ ತಳ ಹತ್ತಿದ್ರ ಸಾಹುಕಾರಗ ಏನಂತ ಹೇಳ್ಲಿ?"

"ಪಾಕ ಬಂತೋ ಇಲ್ಲೋ ಹೆಂಗ ನೋಡ್ತಿ ನೀನು?"

"ಇದು ಕೇಳೋ ಹೊತ್ತೇನಬೇ?"

"ಹೇಳು."

"ಹನಿ ನೀರಾಗ ಬಿಟ್ಟು ಉಂಡಿ ಕಟ್ಟಿ ನೋಡ್ತೀನಿ! ಊರಿಗೇ ಗೊತ್ತೈತಿ."

"ಇಷ್ಟು ತಾಸು ಆತು ಅಂತ ಇಳಸಂಗಿಲ್ಲ?"

"ತಾಸು ನೋಡಿ ಇಳಿಸಿದ್ರ ಒಂದಿನ ಜೋನಿಯಾಗಿ ಹರೀತೈತಿ, ಒಂದಿನ ಕಲ್ಲಾಗ್ತೈತಿ. ಎತ್ತಿಕೋ ಇದನ್ನ!"

"ನಿನ್ನ ಬೆಲ್ಲಕ್ಕ ಇರೋ ಮರ್ಯಾದಿ ಹುಲುಗಿ ಕೂಸಿಗೆ ಇಲ್ಲೇನಲೇ ಜಡೆಪ್ಪಾ?"

ಕಬ್ಬು ಸುಲಿಯುತ್ತಿದ್ದ ಹೆಂಗಸರ ಕೈ ನಿಂತಿತ್ತು. ಒಬ್ಬರೂ ಕೂಸನ್ನು ಎತ್ತಿಕೊಳ್ಳಲು ಮುಂದೆ ಬರಲಿಲ್ಲ. ಅವರಲ್ಲಿ ಹಿರಿಯಳಾದ ನಿಂಗಕ್ಕ, "ಜಡೆಪ್ಪಾ, ಧೋತರ ನೋಡಿಕೋ, ನಿನ್ನ ಮ್ಯಾಲೂ ಪಾಕ ಇಳಿಯಾಕತ್ತೈತಿ," ಎಂದಳು. ಎಲ್ಲರೂ ನಕ್ಕರು. ಜಡೆಪ್ಪನ ಕಣ್ಣು ಕೊಪ್ಪರಿಗೆಯ ಮೇಲೆ, ಕೈ ಒದ್ದೆ ಧೋತರದ ಮೇಲೆ.

"ಏನು ಮಾಡಬೇಕು ಹೇಳು, ಜಲ್ದಿ ಹೇಳು!"

"ಬಿತ್ತನಿ ಕಬ್ಬು ತುಂಡು ಹೊಡಿಯೋ ಕೆಲಸ ಐತಲ್ಲ. ಅದನ್ನ ಮಂಟಪದ ಮುಂದ ತಂದು ಹಾಕಿಸು. ಇಕಿ ಅಲ್ಲೇ ಕುಂತು ಹೊಡೀತಾಳ, ಕೂಲಿ ಪೂರ್ತಿ."

"ಎಷ್ಟು ದಿನ?"

"ಪಾಕ ಬರೋತನಕ."

"ಆತು, ಆತು!"

ಗಾಳೆಮ್ಮ ಕೂಸನ್ನು ಎತ್ತಿ ತಾಯಿಗೆ ಕೊಟ್ಟಳು. ಜಡೆಪ್ಪ ಒಲೆಯತ್ತ ಓಡಿದ. ಅವತ್ತಿನ ಬೆಲ್ಲ ಸ್ವಲ್ಪ ಕಪ್ಪಾಯಿತು. ಸಾಹುಕಾರರು ಬೈದರಂತೆ. ಅದರದೇ ಒಂದು ಅಚ್ಚನ್ನು ಗಾಳೆಮ್ಮ ಹಟದಿಂದ ಕೇಳಿ ತಂದು ತನ್ನ ಡಬ್ಬಿಗೆ ತುಂಬಿಕೊಂಡಳು.

ಮರುದಿನದಿಂದ ಹುಲುಗಮ್ಮ ಮೆಟ್ಟಿಲ ಕೆಳಗೆ ಮಚ್ಚು ಹಿಡಿದು ಕೂತಳು. ಸೀರೆಯ ಬೇಲಿಯ ಒಳಗೆ ಜಂಬಯ್ಯ, ಮುಷ್ಟಿಯಲ್ಲಿ ಕಪ್ಪು ಬೆಲ್ಲ. ಎರಡನೆಯ ದಿನ ಅವನ ಕೈಗೆ ಇರುವೆ ಹತ್ತಿದವು, ಆಗಲೂ ಬಿಚ್ಚಲಿಲ್ಲ. ಐದನೆಯ ದಿನ ಜಡೆಪ್ಪ ಕಾಲುವೆಯ ಆಚೆ ದಂಡೆಯಿಂದ ಕೂಗಿದ: "ಏನಬೇ, ಕಲ್ಲಾದ್ರೂ ಕರಗ್ತಿತ್ತು!" "ನಿನ್ನ ತಲಿ ಕರಗೇತೇನು ನೋಡಿಕೋ," ಎಂದು ಇವಳು ಕೂಗಿದಳು. ಎಂಟನೆಯ ದಿನ ನಾನೂ ಅಲ್ಲಿದ್ದೆ. ಗಾಳೆಮ್ಮ ಹುಲುಗಮ್ಮನನ್ನು ನೀರಿಗೆ ಕಳಿಸಿದಳು. ತಾಯಿ ಮಂಟಪದ ಹಿಂಗೋಡೆಯ ಆಚೆ ಮರೆಯಾದಳು. ಜಂಬಯ್ಯ ಎದ್ದು ನಿಂತ. ಪಕ್ಕದ ಹುಡುಗಿ ಬಾಳೆದಿಂಡಿನ ಎತ್ತು ಎಳೆಯುತ್ತಿದ್ದಳು. ಅವನು ಗೋಡೆಯನ್ನು ನೋಡಿದ, ಎತ್ತನ್ನು ನೋಡಿದ, ಮುಷ್ಟಿ ಬಿಚ್ಚಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡ.

"ಆತವ್ವ, ಗಾಣಕ್ಕ ನಡಿ," ಎಂದಳು ಗಾಳೆಮ್ಮ, ಕೊಡ ತಂದ ಹುಲುಗಮ್ಮನಿಗೆ.

ಹುಲುಗಮ್ಮ ಕೊಡ ಇಳಿಸಿದಳು. ಅಲ್ಲೇ ಕೂತು ಅಳತೊಡಗಿದಳು. ಗಾಳೆಮ್ಮ ಅವಳ ಅಂಗೈಯಲ್ಲೂ ಒಂದು ಚೂರು ಇಟ್ಟಳು. ಅವಳು ಅದನ್ನು ತಿಂದು ಹೋಗಲು ಬಹಳ ಹೊತ್ತು ಹಿಡಿಯಿತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ನಾನೂ ಸುಳ್ಳು ಹೇಳಿದಂತೆ. ಹೊಸ ತಾಯಂದಿರಿಗೂ ಮಂಟಪದ ಮುಂದೆಯೇ ಕೆಲಸ ಕೊಡುವ ಮಾತಿಗೆ ಮುಂದಿನ ವರ್ಷ ಜಡೆಪ್ಪ ತಪ್ಪಿದ. ಗಾಳೆಮ್ಮ ಮತ್ತೆ ಗಾಣಕ್ಕೆ ಹೋಗಿ ನಿಂತಳು. ಇನ್ನೊಂದು ವರ್ಷ ಮಂಟಪದಲ್ಲಿ ಮತ್ತೆ ಆಡು ಕಟ್ಟಿಸಿದರು, ಅವಳು ಬಿಚ್ಚಿದಳು. ಕೆಲವು ತಾಯಂದಿರು ಕಾಯುವುದು ಬೇಡವೆಂದು ಅಫೀಮಿಗೇ ಹೋದರು. ಅವರಿಗೆ ಅವಳು ಬೈಯಲಿಲ್ಲ. ಅಂಗಡಿಯವನಿಗೆ ಮಾತ್ರ ದಾರಿಯಲ್ಲಿ ಕಂಡಾಗಲೆಲ್ಲ ಬೈದಳು. ನಾನು ನನ್ನ ಪಟ್ಟಿಯ ಮಾತು ಮತ್ತೆ ಎತ್ತಲಿಲ್ಲ.

ಈ ಭಾದ್ರಪದದಲ್ಲಿ ಅವಳಿಗೆ ಚಳಿಜ್ವರ ಬಂತು. ನಾಲ್ಕು ದಿನ. ಕೊನೆಯ ಬೆಳಿಗ್ಗೆ ನನ್ನ ಕೈ ಹಿಡಿದು, "ಡಬ್ಬಿಗೆ ಇರುವಿ ಹತ್ಯಾವೇನೋ, ನೋಡ್ರಿ," ಎಂದಳು. ದೊಡ್ಡ ಮಾತೇನೂ ಆಡಲಿಲ್ಲ. ಹೋಗಿ ನೋಡಿದೆ. ಹತ್ತಿರಲಿಲ್ಲ. ಹೇಳೋಣವೆಂದು ತಿರುಗಿ ಬರುವಷ್ಟರಲ್ಲಿ ಕೇಳಿಸಿಕೊಳ್ಳಲು ಅವಳಿರಲಿಲ್ಲ.

ನಿನ್ನೆ ಗಾಣ ಶುರುವಾಯಿತು. ಅದೇ ಬೆಳಿಗ್ಗೆ ಜಡೆಪ್ಪ ಶಾಲೆಗೆ ಬಂದು ಒಂದು ಹೊಸ ಹಲಗೆಯನ್ನೂ ಬಣ್ಣದ ಡಬ್ಬಿಯನ್ನೂ ನನ್ನ ಮುಂದಿಟ್ಟ. ಅವನಿಗೂ ವಯಸ್ಸಾಗಿದೆ; ಮೀಸೆ ಬೆಳ್ಳಗಾಗಿದೆ. "ಸಾಹುಕಾರರು ಹೇಳಿ ಕಳಿಸ್ಯಾರ್ರಿ ಅಕ್ಕೋರ. 'ಸಾಹುಕಾರರ ಧರ್ಮದ ಕೂಸಿನ ಮನೆ, ಎರಡು ವರ್ಷ ತುಂಬಿದವರಿಗೆ ಮಾತ್ರ' ಅಂತ ದುಂಡಗ ಬರದು ಕೊಡಬೇಕಂತ. ತಾಯಂದಿರು ಬಿಟ್ಟು ಹೊಳ್ಳಿ ನೋಡದಂಗ ಗಾಣಕ್ಕ ಬರಬೇಕಂತ."

ನಾನು ಹಲಗೆಯನ್ನು ಮಾತ್ರ ಎತ್ತಿಕೊಂಡು ಮಂಟಪಕ್ಕೆ ನಡೆದೆ. ಅವನು ಹಿಂದೆ ಬಂದ. ಗಾಳೆಮ್ಮನ ಜಾಗದಲ್ಲಿ ಈಗ ಹುಲುಗಮ್ಮ ಕೂರುತ್ತಾಳೆ. ಜಂಬಯ್ಯ ಹತ್ತಿರದ ಗಂಡುಮಕ್ಕಳ ಶಾಲೆಯಲ್ಲಿ ಎರಡನೇ ತರಗತಿ. ಮೆಟ್ಟಿಲ ಕೆಳಗೆ ಹೊಳೆಮ್ಮ ಎಂಬ ಹೊಸ ತಾಯಿ ಬಿತ್ತನೆಯ ಕಬ್ಬನ್ನು ಬರಿಗಲ್ಲಿನ ಮೇಲೆ ಹೊಡೆಯುತ್ತಿದ್ದಳು. ಮಚ್ಚಿನ ಬಾಯಿ ಮೊಂಡಾಗುತ್ತಿತ್ತು. ಅವಳ ಮಗಳು ಸೀರೆಯ ಬೇಲಿಯನ್ನು ಹಿಡಿದು ನಿಂತಿದ್ದಳು, ಇನ್ನೊಂದು ಕೈ ಮುಷ್ಟಿ ಕಟ್ಟಿ.

ನಾನು ಹಲಗೆಯನ್ನು ಹೊಳೆಮ್ಮನ ಮುಂದೆ ಹಾಸಿದೆ. "ಇದರ ಮ್ಯಾಲೆ ಹೊಡಿಯವ್ವ," ಎಂದೆ.

"ಅಕ್ಕೋರ, ಏನ್ ಮಾಡಿದ್ರಿ!" ಎಂದ ಜಡೆಪ್ಪ. "ಸಾಹುಕಾರಗ ಏನಂತ ಹೇಳ್ಲಿ?"

"ಹಲಗಿ ಕೆಲಸಕ್ಕ ಬಂತು ಅಂತ ಹೇಳು."

ಅವನು ಹುಲುಗಮ್ಮನ ಕಡೆ ತಿರುಗಿದ. "ಇಕಿ ಎಷ್ಟು ದಿನ ಕುಂದ್ರಬೇಕು ಇಲ್ಲಿ?"

"ನಿನಗ ಗೊತ್ತಿಲ್ಲೇನು ಜಡೆಪ್ಪಣ್ಣ?" ಎಂದಳು ಹುಲುಗಮ್ಮ.

ಅವನು ಬೇಲಿಯ ಹತ್ತಿರ ಬಗ್ಗಿ ಆ ಹುಡುಗಿಯ ಮುಷ್ಟಿಯನ್ನು ನೋಡಿದ, ಬೋಗುಣಿಯಲ್ಲಿ ಹನಿ ನೋಡುವವನ ಹಾಗೆ. ಆಮೇಲೆ ಗಾಣದ ಕಡೆ ಹೋದ. ಹೊಳೆಮ್ಮ ಹಲಗೆಯ ಮೇಲೆ ಮೊದಲ ತುಂಡು ಹೊಡೆದಳು.