ತಪ್ಪೆಲ್ಲ ಕುರ್ಚಿಯದು

ನನ್ನ ಬೆನ್ನು ಮುರಿದದ್ದು ಸೀನಿನಿಂದ. ಬಿದ್ದು ಮುರಿದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲಿಕ್ಕಾದರೂ ಬರುತ್ತಿತ್ತು. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಮಹಡಿಯ ಮೇಲೆ ಮಹಡಿ ಏರಿಸುತ್ತಿದ್ದ ಕಾಲ ಅದು. ಪ್ರತಿ ಮಹಡಿಗೂ ಹೊಸ ಕಾರ್ಪೆಟ್ಟು, ಪ್ರತಿ ಕಾರ್ಪೆಟ್ಟಿಗೂ ನನ್ನ ಉಬ್ಬಸ. ಆ ದಿನ ಆಫೀಸಿನಲ್ಲಿ ಸೀನಿದೆ. ಬೆನ್ನಿನಲ್ಲಿ ಏನೋ ಲಟಕ್ಕೆಂದಿತು. ಪಕ್ಕದ ಸೀಟಿನವನು ರೂಢಿಯಂತೆ ‘ಬ್ಲೆಸ್ ಯೂ’ ಅಂದ. ನಾನು ಮೇಜು ಹಿಡಿದುಕೊಂಡು ಹಾಗೆಯೇ ಉಳಿದೆ.

ಬೆನ್ನುಮೂಳೆಯ ಮಣಿಯೊಂದು ಕುಸಿದಿದೆ ಎಂದರು ಡಾಕ್ಟರು. ಸ್ಕ್ಯಾನ್ ಆದ ಮೇಲೆ, ನಿಮ್ಮ ಎಲುಬಿಗೆ ಅರವತ್ತೈದು ವರ್ಷ ಎಂದರು. ನನಗಾಗ ಮೂವತ್ತಾರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಅವ್ವನಿಗೆ ಅರವತ್ತೈದು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇನ್ನು ಮುಂದೆ ಓರಗೆಯವರು ಅಂತಾಯಿತು.

ಸ್ಟೀರಾಯ್ಡ್ ಗುಳಿಗೆ ಎಷ್ಟು ವರ್ಷ ನುಂಗಿದ್ದೀರಿ ಎಂದು ಅವರು ಕೇಳಿದಾಗ ನಾನು ಮೊದಲು ತಿರುಗಿ ಬಾಗಿಲು ಹಾಕಿದೆಯೇ ಎಂದು ನೋಡಿದೆ. ಕೊಟ್ಟವಳು ಅವ್ವ.

ನಾವು ರಾಯಚೂರು ಕಡೆಯವರು, ಅಪ್ಪನ ನೌಕರಿಗೆಂದು ಹೈದರಾಬಾದಿನ ತಾರ್ನಾಕಕ್ಕೆ ಬಂದು ನಿಂತವರು. ನಾನು ಶಾಲೆಗೆ ಹೋಗುವಾಗ ಯಾರೋ ಡಾಕ್ಟರು ಉಬ್ಬಸಕ್ಕೆ, ಕೆಲವೇ ದಿನಕ್ಕೆಂದು, ಒಂದು ಸಣ್ಣ ಬಿಳಿ ಗುಳಿಗೆ ಬರೆದಿದ್ದರು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಅವ್ವ ಮತ್ತೆ ಡಾಕ್ಟರ ಹತ್ತಿರ ಹೋಗುವ ಗೋಜಿಗೇ ಹೋಗಲಿಲ್ಲ. ಎದೆ ಸುಯ್‌ಗುಟ್ಟಿದರೆ ಒಂದು, ಜೋರಾದರೆ ಎರಡು, ಬೆಲ್ಲದ ಚೂರಿನ ಜೊತೆ. ಬಾಯಿಗೆ ಒತ್ತಿಕೊಳ್ಳುವ ಪಂಪಿನ ಮಾತೆತ್ತಿದರೆ, “ಪಂಪಿನ ಚಟ ಹತ್ತಿದ್ರ ಬಿಡೂದಿಲ್ಲ. ಬಾಯಾಗ ಪಂಪ್ ಇಟ್ಕೊಂಡು ಕೂತ ಹುಡುಗಿನ್ನ ಯಾರು ಕೇಳತಾರ?” ಅನ್ನುತ್ತಿದ್ದಳು. ಗುಳಿಗೆಯಿಂದ ನನ್ನ ಮುಖ ಉಬ್ಬಿ ದುಂಡಗಾಯಿತು. ಬಂದ ನೆಂಟರೆಲ್ಲ, “ಮಾರಿ ಛಲೋ ತುಂಬೇತಿ, ಯಾವ ಟಾನಿಕ್ ಕೊಡತೀರಿ?” ಎಂದು ಕೇಳಿದರು. ಅವ್ವ ಹಿಗ್ಗಿ ಅದೇ ಮುಖದ ಫೋಟೋ ತೆಗೆಸಿ ವರನ ಕಡೆಯವರಿಗೆ ಕಳಿಸಿದಳು. ಅವರು ನೋಡಲು ಬಂದ ದಿನ ಚಹಾದ ತಟ್ಟೆ ಹಿಡಿದು ಹೋದೆ, ಎದೆ ಸಿಳ್ಳೆ ಹಾಕಿತು. ಅವರು ಚಹಾ ಕುಡಿದು ಎದ್ದರು. ನನ್ನನ್ನು ಒಪ್ಪಿಕೊಂಡದ್ದು ಕಂಪನಿ ಮಾತ್ರ.

ಇಷ್ಟು ವರ್ಷದ ಗುಳಿಗೆಯೇ ಎಲುಬು ತಿಂದಿದೆ ಎಂದರು ಡಾಕ್ಟರು. ಈ ಮಾತು ಅವ್ವನ ಕಿವಿಗೆ ಬಿದ್ದರೆ ಅವಳು ಉಳಿಯುವುದಿಲ್ಲ ಅನ್ನಿಸಿತು. ಹೊರಗೆ ಬಂದು, “ಆಫೀಸಿನ ಕುರ್ಚಿ ಸರಿ ಇಲ್ಲಂತವ್ವ” ಅಂದೆ.

“ಲಕ್ಷಗಟ್ಟಲೆ ಗಳಿಸ್ತಾರ, ಒಂದು ಛಲೋ ಕುರ್ಚಿ ತರಾಕ ಏನು ಧಾಡಿ ಇವರಿಗೆ?” ಎಂದು ಅವ್ವ ಅಲ್ಲಿಂದಲೇ ಶುರು ಮಾಡಿದಳು. ವಾರದೊಳಗೆ ಓಣಿಗೆಲ್ಲ ಸುದ್ದಿ. ಎದುರುಮನೆಯ ತೆಲುಗಿನವರು ಮಗನ ಕಂಪ್ಯೂಟರ್ ಕುರ್ಚಿ ತೆಗೆದು ಸ್ಟೂಲು ಹಾಕಿದರು.

ಡಾಕ್ಟರು ಬಿಳಿ ಗುಳಿಗೆಯನ್ನು ಮೆಲ್ಲಮೆಲ್ಲಗೆ ಬಿಡಿಸಿ ಕಡೆಗೆ ಪಂಪನ್ನೇ ಕೊಟ್ಟರು. ಎಲುಬಿಗೆ ವಾರಕ್ಕೊಂದು ಬೇರೆ ಗುಳಿಗೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಅವ್ವನೂ ಎದುರಿಗೆ ನೆಟ್ಟಗೆ ಕೂರುತ್ತಿದ್ದಳು, ಯಾಕೆಂದು ನಾನು ಕೇಳಲಿಲ್ಲ. ಬಾಗುವಂತಿಲ್ಲ, ಭಾರ ಎತ್ತುವಂತಿಲ್ಲ. ಅರವತ್ತೈದರವಳು ಬಕೆಟ್ ಎತ್ತಿದಳು, ಮೂವತ್ತಾರರವಳು ನೋಡಿದಳು.

ಹಾಗೇ ದಸರೆ ಬಂತು. ಆ ಸಂಜೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಇಟ್ಟು ಕಾಲು ಮುಟ್ಟಬೇಕು. ಹೈದರಾಬಾದಿನವರೂ ಜಮ್ಮಿ ಎಂದು ಇದನ್ನೇ ಮಾಡುತ್ತಾರೆ, ಹಾಗಾಗಿ ಇದೊಂದರಲ್ಲಿ ನಾವು ಹೊರಗಿನವರಲ್ಲ. ನಾನು ಬನ್ನಿ ಕೊಟ್ಟು ನಿಂತಲ್ಲೇ ಕೈ ಮುಗಿದೆ.

“ನಿಂತು ಕೈ ಮುಗಿಯಾಕ ನಾ ಏನ್ ಮಂತ್ರಿ ಏನು?” ಅಂದಳು ಅವ್ವ. “ಫ್ಯಾನ್ ಬಂದ್ ಮಾಡು.”

ಫ್ಯಾನ್ ಆರಿಸಿದೆ. ಅವ್ವ ಸೀರೆ ಎತ್ತಿ ಕಟ್ಟಿ, ಕುರ್ಚಿ ಹತ್ತಿ, ಕುರ್ಚಿಯಿಂದ ಊಟದ ಟೇಬಲ್ ಹತ್ತಿ ನಿಂತಳು. “ಈಗ ಮುಟ್ಟು.”

ಬಾಗದೆ ಮುಟ್ಟಿದೆ. ಆಶೀರ್ವಾದ ಬರಲಿಲ್ಲ.

“ಕುರ್ಚಿ ಅಲ್ಲ ಅದು,” ಅಂದಳು ಮೇಲಿನಿಂದ. “ಉಳಿದ ಬಿಳಿ ಗುಳಿಗಿ ವಾಪಸ್ ಕೊಡಾಕ ಹೋಗಿದ್ದೆ. ಮೆಡಿಕಲ್ ಶಾಪಿನವ ಎಲ್ಲಾ ಹೇಳಿದ.”

“ಯಾವಾಗ?”

“ನೀ ಬೆನ್ನುನೋವಂತ ಮಲಗಿದ್ದಿಯಲ್ಲ, ಆವಾಗ.”

“ಮತ್ತ ಇಷ್ಟು ದಿನ ಕುರ್ಚಿ ಯಾಕ ಬೈದಿ?”

“ನೀ ಹೇಳಿದ್ದಿ ಅಂತ ಬೈದೆ. ಕೈಯಾರೆ ಕೊಟ್ಟೀನವಾ ನಾನು. ಬೆಲ್ಲ ಹಚ್ಚಿ ಕೊಟ್ಟೀನಿ.”

ನನಗೆ ಅಳು ಬಂತು. ಬಿಕ್ಕಿದರೆ ಬೆನ್ನಿಗೆ ಒಳ್ಳೆಯದಲ್ಲ, ಹಾಗಾಗಿ ಮೆಲ್ಲಗೆ ಅತ್ತೆ. “ನೀ ಕೊಟ್ಟಿದ್ದಿಲ್ಲಂದ್ರ ಬೆನ್ನು ಮುರಕೊಳ್ಳಾಕ ನಾ ಉಳೀತಿದ್ದಿಲ್ಲ,” ಅಂದೆ.

ಅವ್ವ ಬಗ್ಗಿ ನನ್ನ ತಲೆಯ ಮೇಲೆ ಬನ್ನಿ ಎಲೆ ಉದುರಿಸಿದಳು. ಇನ್ನು ಇಳಿಯಬೇಕು. ಅವಳನ್ನು ಹಿಡಿದು ಇಳಿಸುವಂತಹ ಬೆನ್ನು ನನ್ನದಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನಾನು ಕುರ್ಚಿಯ ಪಕ್ಕ ನೆಟ್ಟಗೆ ನಿಂತೆ. ಅವ್ವ ನನ್ನ ಹೆಗಲ ಮೇಲೆ ಕೈ ಇಟ್ಟು, ಒಂದು ಚೂರೂ ಭಾರ ಹಾಕದೆ, ತಾನೇ ಇಳಿದಳು.