ತಿಕ್ಕಬಾರದ ಡಬರಿ

ವಿಶಾಖಪಟ್ಟಣದಲ್ಲಿ ಕೆಲಸಕ್ಕಿರುವ ನನ್ನ ಮಗಳು ಒಂದು ದಿನ ಫೋನಿನಲ್ಲಿ, "ಅಮ್ಮ, ಅಜ್ಜಿ ಪಾತ್ರೆಗಳನ್ನ ಜಾಸ್ತಿ ತಿಕ್ಕಬೇಡ" ಅಂದಳು. ತಿಕ್ಕದೆ ಅಡುಗೆ ಮಾಡುವುದು ಹೇಗೋ ನನಗೆ ಹೊಳೆಯಲಿಲ್ಲ.

ನಮ್ಮತ್ತೆಯ ಮದುವೆಗೆ ಬಂದ ಸ್ಟೀಲಿನ ಡಬರಿ, ಚೊಂಬು, ತಟ್ಟೆಗಳ ಮೇಲೆ ಕೊಟ್ಟವರ ಹೆಸರುಗಳನ್ನು ಕನ್ನಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಯಜಮಾನರ ಬ್ಯಾಂಕಿನ ವರ್ಗಾವಣೆಗಳ ಜೊತೆ ಅವೂ ಊರೂರು ಸುತ್ತಿ ವಿಜಯವಾಡದ ಭವಾನಿಪುರಂಗೆ ಬಂದು, ನನ್ನ ಕೈಯಲ್ಲಿ ಉಜ್ಜಿಸಿಕೊಂಡು ಹೆಸರುಗಳು ಅರ್ಧಂಬರ್ಧ ಅಳಿಸಿಹೋಗಿವೆ. ಆ ಸವೆದ ಅಕ್ಷರಗಳ ಫೋಟೋ ನೋಡಿಕೊಂಡು ಮಗಳು ಕೈಯಲ್ಲಿ ಬರೆದು, ಬೋರ್ಡುಗಳಿಗೆ ಆಗುವಂಥ ಫಾಂಟು ಮಾಡುತ್ತಿದ್ದಳು. ಹೊಸದನ್ನು ಹಳೆಯದಾಗಿ ಕಾಣಿಸಲು ಇಷ್ಟೊಂದು ಒದ್ದಾಟ ಯಾಕೆ ಅಂದರೆ, "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಅಂತ ನಗುತ್ತಿದ್ದಳು. ನಿಜವಾಗಿಯೂ ಗೊತ್ತಾಗಲಿಲ್ಲ.

ಆ ಫಾಂಟನ್ನು ಮೊದಲು ಕೇಳಿದವರು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ತಿಂಡಿ ಹೋಟೆಲು ತೆರೆಯುತ್ತಿದ್ದ ನಮ್ಮ ಕಡೆಯವರೊಬ್ಬರು. ಬೋರ್ಡು ಆ ಸಂಜೆಯೇ ಪ್ರಿಂಟಿಗೆ ಹೋಗಬೇಕು. ಮಗಳು ಚಿತ್ರ ಕಳಿಸಿ, "ಓದೋಕೆ ಬರುತ್ತಾ, ನಿಜ ಹೇಳು. ಬರದಿದ್ರೆ ಅವರು ಮಾಮೂಲಿ ಅಕ್ಷರಾನೇ ಹಾಕಿಸ್ಕೊಳ್ತಾರಂತೆ. ನಾನು ಇಷ್ಟು ದಿನ ಮಾಡಿದ್ದೆಲ್ಲ ದಂಡ" ಅಂದಳು. ಅವಳಿಗೆ ತೆಲುಗು ಸರಾಗ, ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಅದಕ್ಕೇ ನನ್ನ ಬೆನ್ನು ಹತ್ತಿದ್ದು.

ನೋಡಿದೆ. ಬಿಸಿಬೇಳೆಬಾತ್. ಸಲೀಸಾಗಿ ಓದಿದೆ. ಓದಿದ ಮೇಲೆ ಅನುಮಾನ ಶುರುವಾಯಿತು. ಆ 'ಬ' ಚೊಂಬಿನ ಮೇಲಿನದು. ಅರ್ಧ ಇಲ್ಲದಿದ್ದರೂ ನನಗೆ ಪೂರ್ತಿ ಕಾಣುತ್ತದೆ. ನಾನು ಓದಿದೆನೋ, ನೆನಪು ಮಾಡಿಕೊಂಡೆನೋ? ಯಜಮಾನರನ್ನು ಕೇಳಿದರೆ ಕನ್ನಡಕ ಹುಡುಕುತ್ತಾ ಒಳಗೆ ಹೋದವರು ಹೊರಗೆ ಬರಲೇ ಇಲ್ಲ.

ಅಷ್ಟರಲ್ಲಿ ಮೇಲಿನ ಮನೆಯ ಹುಡುಗಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದಳು. ಹಾಸನದ ಕಡೆಯವಳು, ಇಲ್ಲಿನ ಆಸ್ಪತ್ರೆಗೆ ಹೊಸದಾಗಿ ಸೇರಿದವಳು. ನಮ್ಮ ಪಾತ್ರೆಗಳನ್ನು ಕಂಡವಳಲ್ಲ. ಬಾಗಿಲಲ್ಲೇ ನಿಲ್ಲಿಸಿ ಫೋನು ತೋರಿಸಿದೆ.

"ಬಿಸಿಬೇಳೆಬಾತ್" ಅಂದಳು ತಟ್ಟನೆ. ಆಮೇಲೆ ಕಣ್ಣು ಕಿರಿದು ಮಾಡಿ, "ಯಾಕಾಂಟಿ, ಪ್ರಿಂಟ್ ಸರಿಯಾಗಿ ಬಂದಿಲ್ವಾ?"

ಅವಳು ಓದಿದ್ದನ್ನೂ, ಪ್ರಿಂಟಿನ ಬಗ್ಗೆ ಕೇಳಿದ್ದನ್ನೂ ಮಗಳಿಗೆ ಹೇಳಿದೆ. "ಓದಿದಳಲ್ಲ, ಸಾಕು! ಕಳಿಸ್ತೀನಿ" ಅಂತ ಫೋನಿಟ್ಟಳು.

ಒಳಗೆ ಬಂದರೆ ಒಲೆಯ ಮೇಲೆ ನಾನೇ ಇಟ್ಟು ಮರೆತಿದ್ದ ಅತ್ತೆಯ ಡಬರಿ. ಅದರಲ್ಲಿ ಕೊತಕೊತ ಕುದಿಯುತ್ತಿದ್ದದ್ದು ಬಿಸಿಬೇಳೆಬಾತ್! ಘಮ ಮೆಟ್ಟಿಲವರೆಗೂ ಹೋಗಿತ್ತು. ಅಯ್ಯೋ, ಆ ಹುಡುಗಿ ಕಣ್ಣಲ್ಲಿ ಓದಿದಳೋ, ಮೂಗಲ್ಲೋ? ಗಾಬರಿಯಿಂದ ಮಗಳಿಗೆ ಮತ್ತೆ ಫೋನು ಮಾಡಿದೆ.

"ಕಳಿಸಿಬಿಟ್ಟೆನಲ್ಲಮ್ಮ..." ಅಂದಳು. ಆಮೇಲೆ, "ಪರವಾಲೇದು ಬಿಡು. ಹೋಟ್ಲು ಮುಂದೆಯೂ ಅದೇ ವಾಸನೆ ಇರುತ್ತೆ."

ಇದು ನನಗೆ ಹೇಳಿದ ಸಮಾಧಾನವೋ, ತನಗೇ ಹೇಳಿಕೊಂಡದ್ದೋ ಅಂತ ಯೋಚಿಸುತ್ತಾ ನಿಂತೇ ಇದ್ದೆ. ಡಬರಿ ತಳ ಹತ್ತಿತು. ಇನ್ನು ಅದನ್ನು ತಿಕ್ಕಬೇಕಲ್ಲ.